ಆದೇಶದ ಪ್ರತಿ ಎಲ್ಲಿದೆ? ಮೂಲಭೂತ ಹಕ್ಕು ಮತ್ತು ಇಂದಿನ ವ್ಯಾಜ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಹಕ್ಕಿನ ವ್ಯಾಜ್ಯಗಳಲ್ಲಿ ಹೆಚ್ಚಿನವು ತೀರ್ಮಾನವಾಗುವುದು ಲಿಖಿತ ಆದೇಶವಿತ್ತೇ, ಯಾವ ಸೆಕ್ಷನ್, ಎಷ್ಟು ಗಂಟೆಗೆ, ಯಾರ ಸಹಿ ಎಂಬ ಸಣ್ಣ ಸಂಗತಿಗಳ ಮೇಲೆ. ಹಾಗಾಗಿ ಇಲ್ಲಿ ತತ್ವಕ್ಕಿಂತ ಕಾಗದದ ಮಾತೇ ಹೆಚ್ಚು.

## ಬುನಾದಿ

ಮೂಲಭೂತ ಹಕ್ಕು ಅಂದ್ರೆ ಯಾವುದು? ಬೇರೆ ಹಕ್ಕಿಗೂ ಇದಕ್ಕೂ ಏನು ವ್ಯತ್ಯಾಸ?

ಸಂವಿಧಾನದ 3ನೇ ಭಾಗದಲ್ಲಿ, 12ರಿಂದ 35ನೇ ವಿಧಿಯವರೆಗೆ ಇರುವವು. ಇವುಗಳ ತೂಕ ಇರುವುದು 13ನೇ ವಿಧಿಯಲ್ಲಿ: ಈ ಹಕ್ಕುಗಳಿಗೆ ಎದುರಾದ ಕಾನೂನು ಎಷ್ಟರ ಮಟ್ಟಿಗೆ ಎದುರೋ ಅಷ್ಟರ ಮಟ್ಟಿಗೆ ಅಸಿಂಧು. ಬಾಡಿಗೆ ಕಾಯ್ದೆಯೋ ಗ್ರಾಹಕ ಕಾಯ್ದೆಯೋ ಕೊಟ್ಟ ಹಕ್ಕನ್ನು ಶಾಸಕಾಂಗ ಇನ್ನೊಂದು ಮಸೂದೆ ತಂದು ಬದಲಿಸಬಹುದು. 3ನೇ ಭಾಗದ ಹಕ್ಕನ್ನು ಹಾಗೆ ಅಳಿಸಲಾಗದು. ಇನ್ನು 32ನೇ ವಿಧಿಯ ಪ್ರಕಾರ ಈ ಹಕ್ಕುಗಳಿಗಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವುದೇ ಒಂದು ಮೂಲಭೂತ ಹಕ್ಕು.

ಆಸ್ತಿ ಹಕ್ಕು ಈ ಪಟ್ಟಿಯಲ್ಲಿದೆ ಎಂದು ಈಗಲೂ ಬಹಳ ಮಂದಿ ನಂಬಿದ್ದಾರೆ. 1978ರ 44ನೇ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆದು 300ಎ ವಿಧಿಗೆ ಸಾಗಿಸಿತು. ಅದೀಗ ಸಾಂವಿಧಾನಿಕ ಹಕ್ಕು, ಮೂಲಭೂತ ಹಕ್ಕಲ್ಲ. ಹಾಗಾಗಿ ಬರೀ ಜಮೀನಿನ ತಕರಾರಿಗೆ 32ನೇ ವಿಧಿಯಡಿ ದಿಲ್ಲಿಗೆ ಓಡಿದರೆ ಕೆಲಸವಾಗದು. 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು.

ಸೋಷಿಯಲ್ ಮೀಡಿಯಾ ಕಂಪನಿ ನನ್ನ ಖಾತೆ ಮುಚ್ಚಿತು. ವಾಕ್ ಸ್ವಾತಂತ್ರ್ಯದ ಕೇಸ್ ಹಾಕಬಹುದಾ?

ನೇರವಾಗಿ ಹಾಕಿದರೆ ನಿಲ್ಲುವುದು ಕಷ್ಟ. ಮೂಲಭೂತ ಹಕ್ಕು ಮುಖ್ಯವಾಗಿ 12ನೇ ವಿಧಿಯ ‘ಪ್ರಭುತ್ವ’ದ ವಿರುದ್ಧ: ಕೇಂದ್ರ, ರಾಜ್ಯ, ಪಾಲಿಕೆ, ಪಂಚಾಯಿತಿ, ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಗಳು. ಕ್ರಿಕೆಟ್ ಮಂಡಳಿ ಕೂಡ ‘ಪ್ರಭುತ್ವ’ ಅಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾರ್ವಜನಿಕ ಕರ್ತವ್ಯ ಮಾಡುವ ಅಂಥ ಸಂಸ್ಥೆಯ ವಿರುದ್ಧ ಹೈಕೋರ್ಟಿನಲ್ಲಿ ರಿಟ್, ಅಂದರೆ ಅಧಿಕಾರ ಬಳಸಿದ ಬಗೆಯನ್ನು ನೇರವಾಗಿ ಪ್ರಶ್ನಿಸುವ ಅರ್ಜಿ, ಮಾತ್ರ ಸಾಧ್ಯ ಎಂದಿತು.

ಖಾಸಗಿಯವರ ವಿರುದ್ಧವೂ ನೇರವಾಗಿ ಓಡುವ ಕೆಲವು ವಿಧಿಗಳಿವೆ: ಅಂಗಡಿ, ಹೋಟೆಲ್, ಬಾವಿ, ಕೆರೆಗಳಿಗೆ ಪ್ರವೇಶದ 15(2), ಅಸ್ಪೃಶ್ಯತೆಯ 17, ಜೀತದ 23, ಬಾಲಕಾರ್ಮಿಕರ 24. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದ ಸಂವಿಧಾನ ಪೀಠ 19 ಮತ್ತು 21ನೇ ವಿಧಿಗಳನ್ನೂ ಖಾಸಗಿಯವರ ವಿರುದ್ಧ ಜಾರಿ ಮಾಡಬಹುದು ಎಂದು 4:1ರಲ್ಲಿ ಹೇಳಿತು. ಬಾಗಿಲೇನೋ ತೆರೆದಿದೆ, ಒಳಗೆ ಎಷ್ಟು ದೂರ ಹೋಗಬಹುದು ಎಂಬುದು ಸ್ಪಷ್ಟವಿಲ್ಲ. ಸದ್ಯಕ್ಕೆ ಖಾತೆ ಮುಚ್ಚಿಸಿಕೊಂಡವರು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಆಮೇಲೆ ಐಟಿ ನಿಯಮಗಳಡಿಯ ಮೇಲ್ಮನವಿ ಸಮಿತಿಗೆ ಹೋಗುವುದೇ ಲೇಸು. ಆದರೆ ಸರ್ಕಾರ ಹೇಳಿದ್ದಕ್ಕೇ ಕಂಪನಿ ಅಳಿಸಿದ್ದರೆ ಕಥೆಯೇ ಬೇರೆ: ಆಗ ಎದುರಾಳಿ ಸರ್ಕಾರ, ಪ್ರಶ್ನೆ 19ನೇ ವಿಧಿಯದ್ದು.

ವಿದೇಶಿಯರಿಗೂ ಈ ಹಕ್ಕುಗಳು ಇವೆಯಾ?

ಕೆಲವು ಇವೆ. 14, 20, 21, 22, 25ನೇ ವಿಧಿಗಳು ಈ ನೆಲದ ಮೇಲಿರುವ ಯಾರಿಗಾದರೂ ಸಲ್ಲುತ್ತವೆ. 15, 16, 19, 29 ಮತ್ತು 30ನೇ ವಿಧಿಗಳು ಭಾರತೀಯರಿಗೆ ಮಾತ್ರ. ಪೋಸ್ಟ್ ತೆಗೆಯಲು ಜಾಲತಾಣಗಳಿಗೆ ಸೂಚನೆ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದಾಗ, ವಿದೇಶಿ ಕಂಪನಿ 19ನೇ ವಿಧಿಯ ಆಸರೆ ಕೇಳುವಂತಿಲ್ಲ ಎಂಬುದೂ ಒಂದು ಕಾರಣವಾಗಿತ್ತು.

ಎಲ್ಲ ಹಕ್ಕಿಗೂ ‘ಸಮಂಜಸ ನಿರ್ಬಂಧ’ ಅಂತ ಬಾಲ ಕಟ್ಟಿದ್ದಾರೆ. ಹಾಗಾದರೆ ಹಕ್ಕಿಗೆ ಏನು ಬೆಲೆ?

ಬಾಲಕ್ಕೂ ಅಳತೆ ಇದೆ. ಮಾತಿನ ಹಕ್ಕನ್ನು 19(2)ನೇ ವಿಧಿಯ ಎಂಟೇ ಕಾರಣಗಳಿಗೆ ಮೊಟಕುಗೊಳಿಸಬಹುದು: ಸಾರ್ವಭೌಮತ್ವ ಮತ್ತು ಅಖಂಡತೆ, ದೇಶದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ‘ಸಾರ್ವಜನಿಕ ಹಿತ’ ಈ ಪಟ್ಟಿಯಲ್ಲಿಲ್ಲ. ‘ಸರ್ಕಾರಕ್ಕೆ ಮುಜುಗರ’ ಅಂತೂ ಇಲ್ಲವೇ ಇಲ್ಲ. ಆದೇಶ ಕೈಗೆ ಬಂದ ಕೂಡಲೇ ಕೊಟ್ಟ ಕಾರಣ ಈ ಎಂಟರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಹುಡುಕಿ. ಯಾವುದಕ್ಕೂ ಸೇರದಿದ್ದರೆ ನಿಮ್ಮ ಅರ್ಜಿಯ ಮೊದಲ ಅಂಶ ಸಿಕ್ಕಿತು.

ಆಮೇಲೆ ಕೋರ್ಟ್ ನಾಲ್ಕು ಪ್ರಶ್ನೆ ಹಾಕುತ್ತದೆ. ಗುರಿ ನ್ಯಾಯವಾದದ್ದೇ? ಈ ಕ್ರಮದಿಂದ ಆ ಗುರಿ ಈಡೇರುತ್ತದೆಯೇ? ಇದಕ್ಕಿಂತ ಕಡಿಮೆ ನೋಯಿಸುವ ದಾರಿ ಇರಲಿಲ್ಲವೇ? ಸಿಕ್ಕ ಲಾಭ, ಆದ ಹಾನಿ ತೂಗುತ್ತವೆಯೇ? ಸರ್ಕಾರಿ ವಕೀಲರು ತಡವರಿಸುವುದು ಸಾಮಾನ್ಯವಾಗಿ ಮೂರನೆಯದರಲ್ಲಿ, ಏಕೆಂದರೆ ಬೇರೆ ದಾರಿಯನ್ನು ಪರಿಶೀಲಿಸಿದ್ದಕ್ಕೆ ಕಡತದಲ್ಲಿ ಒಂದು ಸಾಲೂ ಇರುವುದಿಲ್ಲ.

## ಠಾಣೆಯ ಹೊಸ್ತಿಲಲ್ಲಿ

ಪೊಲೀಸರು ‘ಸ್ವಲ್ಪ ಬಂದು ಹೋಗಿ’ ಅಂತ ಫೋನ್ ಮಾಡಿದ್ದಾರೆ. ಹೋಗಲೇಬೇಕಾ?

ಬಾಯಿಮಾತಿನ ಕರೆಗೆ ಕಾನೂನಿನ ಬಲವಿಲ್ಲ. ವಿಚಾರಣೆಗೆ ಕರೆಯಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನಡಿ ನೋಟಿಸ್ ಕೊಡಬೇಕು: ಆರೋಪ ಇದ್ದವರಿಗೆ ಸೆಕ್ಷನ್ 35(3), ಸಾಕ್ಷಿಗಳಿಗೆ ಸೆಕ್ಷನ್ 179. ಸೆಕ್ಷನ್ 35ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್‌ನಲ್ಲಿ ಅಪರಾಧ ಸಂಖ್ಯೆ ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಿಸಬೇಕು ಎಂಬುದು ಕರ್ನಾಟಕ ಹೈಕೋರ್ಟಿನ 2024ರ ನಿಲುವು.

ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು ಸಾಕ್ಷಿಗಳಾಗಿದ್ದರೆ ಅವರಿರುವಲ್ಲಿಗೇ ಪೊಲೀಸರು ಬರಬೇಕು. ಆದರೆ ಸರಿಯಾದ ನೋಟಿಸ್ ಕೈಗೆ ಬಂದಮೇಲೂ ಹೋಗದಿದ್ದರೆ ಅದೇ ದಸ್ತಗಿರಿಗೆ ಕಾರಣವಾಗುತ್ತದೆ. ಹೋಗಿ, ಸಹಿ ಮಾಡಿದ ಹೊತ್ತು ಬರೆದಿಟ್ಟುಕೊಳ್ಳಿ.

ದಸ್ತಗಿರಿ ಮಾಡಿದಾಗ ಕೈಗೆ ಏನು ಕೊಡಬೇಕು?

ದಸ್ತಗಿರಿಯ ಆಧಾರಗಳನ್ನು ಬರಹದಲ್ಲಿ ಕೊಡಬೇಕು. 22(1)ನೇ ವಿಧಿ ಇದನ್ನು 1950ರಿಂದಲೇ ಹೇಳುತ್ತಿದ್ದರೂ ಹಲ್ಲು ಬಂದದ್ದು ಈಚೆಗೆ. 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣ ಜಾರಿ ನಿರ್ದೇಶನಾಲಯಕ್ಕೆ (ಇ.ಡಿ.), 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ (ಯುಎಪಿಎ) ಈ ನಿಯಮ ಹಾಕಿತು. 2025ರ ನವೆಂಬರ್‌ನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ಸ್ಥಳದಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ರಿಮಾಂಡಿಗೆ (ವಶದಲ್ಲಿ ಮುಂದುವರಿಸುವ ಅಪ್ಪಣೆಗೆ) ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಬರಹ ತಲುಪಿಸಬೇಕು. ತಪ್ಪಿದರೆ ದಸ್ತಗಿರಿಯೂ ರಿಮಾಂಡೂ ಕಾನೂನುಬಾಹಿರ.

ಇಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ. ‘ಸಾಕ್ಷ್ಯ ನಾಶ ತಡೆಯಲು, ಮುಂದಿನ ತನಿಖೆಗೆ ಅಗತ್ಯವಿರುವುದರಿಂದ’ ಎಂದು ಅಚ್ಚಾದ ಹಾಳೆಯಲ್ಲಿ ಹೆಸರು ತುಂಬಿ ಸಹಿ ಹಾಕಿಸಿಕೊಳ್ಳುತ್ತಾರೆ. ಇದು ಯಾರಿಗೆ ಬೇಕಾದರೂ ಹೊಂದುವ ಕಾರಣ, ಈ ವ್ಯಕ್ತಿಗೆ ಅನ್ವಯಿಸುವ ಆಧಾರವಲ್ಲ. ಆಧಾರ ಎಂದರೆ ‘ಇಂಥ ದಿನ ಇಂಥ ಖಾತೆಯಿಂದ ಇಷ್ಟು ಹಣ ನಿಮ್ಮ ಖಾತೆಗೆ ಬಂದಿದೆ, ಅದರ ಮೂಲ ನೀವು ಹೇಳಿಲ್ಲ’ ಎಂಬಂಥ ವಿವರ. ಪುರಕಾಯಸ್ಥ ಪ್ರಕರಣ ಗೆದ್ದದ್ದೇ ಈ ವ್ಯತ್ಯಾಸದ ಮೇಲೆ. ಪ್ರತಿ ಕೈಗೆ ಬರದೆ ‘ಪ್ರತಿ ತಲುಪಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ‘ಪ್ರತಿ ಕೊಟ್ಟಿಲ್ಲ’ ಎಂದು ಕನ್ನಡದಲ್ಲೇ ಬರೆದು, ಹೊತ್ತು ನಮೂದಿಸಿ. ಮ್ಯಾಜಿಸ್ಟ್ರೇಟರು ‘ಏನಾದರೂ ಹೇಳುವುದಿದೆಯೇ’ ಎಂದಾಗ ಮೊದಲು ಹೇಳಬೇಕಾದ ಮಾತೂ ಅದೇ.

24 ಗಂಟೆ ಅಂತಾರಲ್ಲ, ಅದನ್ನು ಯಾವಾಗಿನಿಂದ ಎಣಿಸೋದು?

22(2)ನೇ ವಿಧಿಯಂತೆ ದಸ್ತಗಿರಿಯಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ ಎಂಬ ವಿನಾಯಿತಿ ಇಲ್ಲ. ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ.

ತಕರಾರು ಹುಟ್ಟುವುದು ಆರಂಭದ ಗಳಿಗೆಯಲ್ಲಿ. ಬೆಳಿಗ್ಗೆ 9ಕ್ಕೆ ‘ವಿಚಾರಣೆ’ ಎಂದು ಕರೆತಂದು ಬೆಂಚಿನ ಮೇಲೆ ಕೂರಿಸಿ, ಫೋನ್ ಇಸಿದುಕೊಂಡು, ರಾತ್ರಿ 8ಕ್ಕೆ ದಸ್ತಗಿರಿ ಎಂದು ಬರೆಯುತ್ತಾರೆ. ಎದ್ದು ಹೋಗಲು ಬಿಡದ ಗಳಿಗೆಯೇ ಆರಂಭ ಎಂದು ಹಲವು ಹೈಕೋರ್ಟ್‌ಗಳು ಒಪ್ಪಿವೆ. ಅದನ್ನು ಸಾಬೀತು ಮಾಡುವುದು ಹೇಗೆ? ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯ, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ 1 ವರ್ಷ ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದಿನಾಂಕ ಮತ್ತು ಗಂಟೆ ನಮೂದಿಸಿ ‘ದೃಶ್ಯ ಕಾಪಾಡಿ’ ಎಂಬ ಅರ್ಜಿಯನ್ನು ಮರುದಿನವೇ ಕೊಡಿ, ಸ್ವೀಕೃತಿ ಪಡೆಯಿರಿ. ತಡವಾದರೆ ‘ಯಂತ್ರ ಕೆಟ್ಟಿತ್ತು’ ಎಂಬ ಉತ್ತರ ಸಿದ್ಧವಿರುತ್ತದೆ.

ಫೋನ್ ಪಾಸ್‌ವರ್ಡ್ ಕೇಳ್ತಿದ್ದಾರೆ. ಕೊಡಬೇಕಾ?

ಇನ್ನೂ ಇತ್ಯರ್ಥವಾಗದ ಪ್ರಶ್ನೆ, ಆದ್ದರಿಂದ ಎರಡೂ ಬದಿ ಗೊತ್ತಿರಲಿ. 20(3)ನೇ ವಿಧಿ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡಬಾರದು ಎನ್ನುತ್ತದೆ. ಬೆರಳಚ್ಚು, ಕೈಬರಹದ ಮಾದರಿ ಇದರೊಳಗೆ ಬಾರದು ಎಂದು 1961ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲಿ ತೀರ್ಪು ಬಂತು. ಅದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣ.

ಪಾಸ್‌ವರ್ಡ್ ಇದರಲ್ಲಿ ಯಾವ ಕಡೆಗೆ? ಅದು ತಲೆಯೊಳಗಿನ ಸಂಗತಿಯೋ, ಬೀಗದ ಕೈಯಂಥದೋ? ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಪಾಸ್‌ವರ್ಡ್ ಕೊಡುವುದು ಸ್ವಯಂ ಸಾಕ್ಷಿಯಲ್ಲ ಎಂದರೂ, ಸುಮ್ಮನೆ ಕೇಳುವಂತಿಲ್ಲ, ಶೋಧನಾ ವಾರಂಟ್ ಬೇಕು ಎಂದಿತು. ದಿಲ್ಲಿ ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ, ಆರೋಪಿಯನ್ನು ಪಾಸ್‌ವರ್ಡ್‌ಗಾಗಿ ಬಲವಂತ ಮಾಡಲಾಗದು ಎಂಬ ನಿಲುವು ತಳೆಯಿತು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ 20(3)ರ ಆಶಯಕ್ಕೆ ಹತ್ತಿರ. ಆದರೆ ಠಾಣೆಯಲ್ಲಿ ಕೂತವರಿಗೆ ಅಭಿಪ್ರಾಯಕ್ಕಿಂತ ವಾರಂಟ್ ತೋರಿಸಿ ಎಂಬ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫೋನ್ ಜಪ್ತಿಯಾದರೆ ಮಹಜರಿನಲ್ಲಿ ಮಾಡೆಲ್, ಐಎಂಇಐ ಸಂಖ್ಯೆ, ಆಫ್ ಇತ್ತೋ ಆನ್ ಇತ್ತೋ, ಸೀಲ್ ಮಾಡಿದ ಹೊತ್ತು ಬರೆಸಿ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಬಿಎನ್‌ಎಸ್‌ಎಸ್ ಸೆಕ್ಷನ್ 105 ಹೇಳುತ್ತದೆ. ಮಹಜರಿನ ಹೊತ್ತಿಗೂ ವಿಡಿಯೊದ ಹೊತ್ತಿಗೂ ತಾಳೆಯಾಗದಿದ್ದರೆ ಮುಂದೆ ವಿಚಾರಣೆಯಲ್ಲಿ ಅದೇ ದೊಡ್ಡ ಅಸ್ತ್ರ.

## ಮಾತು, ಜಾಲ, ಬೀದಿ

ಒಂದು ಪೋಸ್ಟ್‌ಗೆ ಎಫ್‌ಐಆರ್ ಹಾಕಿದ್ದಾರೆ. ಮೊದಲು ಏನು ನೋಡಬೇಕು?

ಸೆಕ್ಷನ್ ನೋಡಿ. ಐಟಿ ಕಾಯ್ದೆಯ 66ಎ ಇದ್ದರೆ ಅದು 2015ರ ಮಾರ್ಚ್ 24ರಂದೇ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸತ್ತಿದೆ. ಸತ್ತ ಸೆಕ್ಷನ್ನಿನಡಿ ಆಮೇಲೂ ವರ್ಷಗಟ್ಟಲೆ ಕೇಸ್ ದಾಖಲಾಗುತ್ತಲೇ ಇದ್ದದ್ದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಆಘಾತಕಾರಿ ಎಂದು ಕರೆಯಿತು.

ಆಮೇಲೆ ಶಿಕ್ಷೆಯ ಪ್ರಮಾಣ ನೋಡಿ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಎಫ್‌ಐಆರ್‌ಗೆ ಮುನ್ನ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಬಿಎನ್‌ಎಸ್‌ಎಸ್ ಸೆಕ್ಷನ್ 173(3) ಅವಕಾಶ ಕೊಡುತ್ತದೆ. ಮಾತು, ಬರಹ, ಕವಿತೆಗಳ ಮೇಲಿನ ದೂರಿನಲ್ಲಿ ಈ ದಾರಿಯನ್ನು ಸಾಮಾನ್ಯವಾಗಿ ಬಳಸಲೇಬೇಕು ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಕೋರ್ಟ್ ಹೇಳಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕಿಯ ಕಣ್ಣಿನಿಂದ ಅಳೆಯಬೇಕೇ ಹೊರತು ಮಾತುಮಾತಿಗೂ ಬೆದರುವವರ ಕಣ್ಣಿನಿಂದಲ್ಲ ಎಂದೂ ಹೇಳಿತು.

ದೇಶದ್ರೋಹದ ಸೆಕ್ಷನ್, ಹಳೆಯ ಭಾರತೀಯ ದಂಡ ಸಂಹಿತೆಯ 124ಎ, 2022ರ ಮೇ 11ರ ಆದೇಶದಿಂದ ತಡೆಯಲ್ಲಿತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಪದ ಇಲ್ಲ, ಸೆಕ್ಷನ್ 152 ಇದೆ. ಶಿಕ್ಷೆ ಜೀವಾವಧಿ ಅಥವಾ 7 ವರ್ಷದವರೆಗೆ. ಹೆಸರು ಬದಲಾಯಿತು, ಹೆದರಿಕೆ ಹಾಗೇ ಇದೆ ಎನ್ನುವವರ ಮಾತನ್ನು ತಳ್ಳಿಹಾಕುವುದು ಕಷ್ಟ.

ನಮ್ಮೂರಲ್ಲಿ ಇಂಟರ್ನೆಟ್ ಬಂದ್ ಮಾಡಿದ್ದಾರೆ. ಆದೇಶ ತೋರಿಸಿ ಅಂದ್ರೆ ‘ಮೇಲಿನಿಂದ ಬಂದಿದೆ’ ಅಂತಾರೆ.

‘ಮೇಲಿನಿಂದ’ ಎಂಬ ವಿಳಾಸ ಕಾನೂನಿನಲ್ಲಿಲ್ಲ. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನ ಪ್ರಕಾರ ಸ್ಥಗಿತದ ಆದೇಶ ಬರಹದಲ್ಲಿರಬೇಕು, ಕಾರಣ ಹೇಳಬೇಕು, ಪ್ರಕಟವಾಗಬೇಕು. ಅನಿರ್ದಿಷ್ಟ ಅವಧಿಯ ಸ್ಥಗಿತ ಸಲ್ಲದು. ಈಗಿನ 2024ರ ದೂರಸಂಪರ್ಕ ಸ್ಥಗಿತ ನಿಯಮಗಳಲ್ಲಿ ಒಂದು ಆದೇಶದ ಗರಿಷ್ಠ ಅವಧಿ 15 ದಿನ. ರಾಜ್ಯದಲ್ಲಿ ಆದೇಶ ಹೊರಡಿಸುವವರು ಗೃಹ ಇಲಾಖೆಯ ಕಾರ್ಯದರ್ಶಿ. ಪರೀಕ್ಷೆಯಲ್ಲಿ ನಕಲು ತಡೆಯಲು ಜಿಲ್ಲೆಯ ಜಾಲವನ್ನೇ ಕತ್ತರಿಸಿದರೆ, ಕಡಿಮೆ ನೋಯಿಸುವ ದಾರಿ ಇತ್ತೇ ಎಂಬ ಪ್ರಶ್ನೆಗೆ ಜಾಮರ್ ಎಂಬ ಉತ್ತರ ಸಿದ್ಧವಾಗಿ ನಿಂತಿರುತ್ತದೆ.

ಪ್ರತಿಭಟನೆಗೆ ಅನುಮತಿ ಯಾಕೆ ಬೇಕು? ಹಕ್ಕಲ್ವಾ?

19(1)(ಬಿ) ಕೊಡುವುದು ‘ಶಾಂತಿಯುತವಾಗಿ, ಆಯುಧಗಳಿಲ್ಲದೆ’ ಸೇರುವ ಹಕ್ಕು. ಜಾಗ, ಹೊತ್ತು, ದಾರಿ ಗೊತ್ತು ಮಾಡುವ ಅಧಿಕಾರ ಪೊಲೀಸರಿಗಿದೆ. ಬೆಂಗಳೂರಿನಲ್ಲಿ 2021ರ ಆದೇಶದಂತೆ ಫ್ರೀಡಂ ಪಾರ್ಕಿಗೆ ಕಳಿಸುವುದು ಅದರ ಮೇಲೇ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟವಾಗಿ ಹಿಡಿದಿಡುವಂತಿಲ್ಲ ಎಂದು 2020ರ ಶಾಹೀನ್‌ಬಾಗ್ ತೀರ್ಪು ಹೇಳಿದೆ. ಆದರೆ ಕೊಟ್ಟ ಅನುಮತಿಗಳನ್ನು ನಿಷೇಧಾಜ್ಞೆ ಹಾಕಿ ಒರೆಸಿಬಿಡುವುದೂ ಸಲ್ಲದು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಡಿ ಹೊರಡಿಸಿದ್ದ ಸೆಕ್ಷನ್ 144ರ ನಿಷೇಧಾಜ್ಞೆಯನ್ನು 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಕಾನೂನುಬಾಹಿರ ಎಂದಿತು. ಅದೇ ಅಧಿಕಾರ ಈಗ ಬಿಎನ್‌ಎಸ್‌ಎಸ್ ಸೆಕ್ಷನ್ 163ರಲ್ಲಿದೆ. ಅನುಮತಿ ನಿರಾಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ. ಹಿಂಬರಹವೇ ಇಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸಲು ಏನೂ ಇರುವುದಿಲ್ಲ, ಅದು ಅವರಿಗೂ ಗೊತ್ತು.

## ಮನೆ, ಗುರುತು, ಮಾಹಿತಿ

ಆಧಾರ್ ಎಲ್ಲಿ ಕಡ್ಡಾಯ, ಎಲ್ಲಿ ಅಲ್ಲ?

ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ತೀರ್ಪು 4:1ರಲ್ಲಿ ಬಂತು. ಸರ್ಕಾರದ ಸಹಾಯಧನ, ಪಡಿತರದಂಥ ಸವಲತ್ತಿಗೆ ಕೇಳಬಹುದು, ಪ್ಯಾನ್‌ಗೆ ಜೋಡಿಸಬೇಕು. ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಶಾಲಾ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ. ಬ್ಯಾಂಕಿಗೆ, ಸಿಮ್‌ಗೆ ನೀವಾಗಿ ಕೊಡಬಹುದೆಂದು 2019ರ ತಿದ್ದುಪಡಿ ಹೇಳಿತು. ಕೌಂಟರಿನಲ್ಲಿ ‘ಕೊಡಬಹುದು’ ಎಂಬುದು ‘ಕೊಡಲೇಬೇಕು’ ಆಗಿ ಹೋಗಿದೆ.

ಪಾಲಿಕೆಯವರು ಬುಲ್ಡೋಜರ್ ತಂದು ನಿಲ್ಲಿಸಿದ್ದಾರೆ. ಏನು ಮಾಡೋದು?

2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪನ್ನು ಅಚ್ಚು ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ಅದರ ಪ್ರಕಾರ ಮಾಲೀಕರಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಉತ್ತರಿಸಲು ನೋಟಿಸ್ ತಲುಪಿದ ದಿನದಿಂದ ಕನಿಷ್ಠ 15 ದಿನ. ಯಾವ ಭಾಗ ಅಕ್ರಮ, ಯಾವ ನಿಯಮ ಮೀರಿದೆ, ಖುದ್ದು ವಿಚಾರಣೆ ಯಾವ ದಿನ ಎಂದು ಬರೆದಿರಬೇಕು. ಹಿಂದಿನ ದಿನಾಂಕ ಹಾಕಿದ ನೋಟಿಸಿನ ಆಟ ನಡೆಯದಂತೆ, ನೋಟಿಸ್ ಜಾರಿಯಾದ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕೆಂಬ ಷರತ್ತೂ ಇದೆ. ಆ ಇಮೇಲಿನ ಹೊತ್ತನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಬಹಳಷ್ಟು ಹೊರಬೀಳುತ್ತದೆ. ಅಂತಿಮ ಆದೇಶದ ನಂತರ ಮತ್ತೆ 15 ದಿನ ಕಾಯಬೇಕು, ಆ ಅವಧಿಯಲ್ಲಿ ಮೇಲ್ಮನವಿ ಹಾಕಬಹುದು ಅಥವಾ ಅಕ್ರಮ ಭಾಗವನ್ನು ನೀವೇ ತೆಗೆಯಬಹುದು. ಕೆಡವುವುದನ್ನು ವಿಡಿಯೊ ಮಾಡಬೇಕು. ಮೀರಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕಾಗುತ್ತದೆ.

ಒಂದು ದೊಡ್ಡ ಹೊರತು: ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ನದಿ, ಕೆರೆಯ ಜಾಗದಲ್ಲಿ ಕಟ್ಟಿದ್ದರೆ, ಅಥವಾ ಕೋರ್ಟೇ ಕೆಡವಲು ಹೇಳಿದ್ದರೆ ಈ ರಕ್ಷಣೆ ಇಲ್ಲ. ಕೆರೆ ಅಂಗಳದ ಬಡಾವಣೆಗಳಲ್ಲಿ ಮನೆ ಕೊಂಡವರು ಎಡವುವುದು ಇಲ್ಲೇ. ತೆರಿಗೆ ರಸೀದಿ, ಕರೆಂಟ್ ಬಿಲ್ಲು ಎಷ್ಟಿದ್ದರೂ ಕೆರೆ ಕೆರೆಯೇ.

ಮಾಹಿತಿ ಹಕ್ಕಿನ ಅರ್ಜಿಗೆ ‘ವೈಯಕ್ತಿಕ ಮಾಹಿತಿ’ ಅಂತ ವಾಪಸ್ ಕಳಿಸ್ತಾರೆ.

ಮೊದಲು ಸೆಕ್ಷನ್ 8(1)(ಜೆ)ಯಲ್ಲೇ ಸಾರ್ವಜನಿಕ ಹಿತದ ಕಿಟಕಿ ಇತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, 2023ರ ಮೂಲಕ ಬಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಯಾಗಿ ಆ ಕಿಟಕಿಯನ್ನು ಮುಚ್ಚಿತು. ಆದರೆ ಸೆಕ್ಷನ್ 8(2) ಉಳಿದಿದೆ: ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾದರೆ ಕೊಡಬಹುದು. ಇನ್ನು ಮುಂದೆ ಅರ್ಜಿಯಲ್ಲೇ 8(2) ಎಂದು ಬರೆದು, ಹಿತ ಯಾವುದೆಂದು ಎರಡು ಸಾಲು ಸೇರಿಸಿ.

## ಗೋಜಲಿನವು

ಹಿಜಾಬ್ ವಿಷಯದಲ್ಲಿ ಕೊನೆಗೂ ಯಾರು ಗೆದ್ದರು?

ಸುಪ್ರೀಂ ಕೋರ್ಟಿನಲ್ಲಿ ಯಾರೂ ಅಲ್ಲ. ಸಮವಸ್ತ್ರದ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟಿನ ತ್ರಿಸದಸ್ಯ ಪೀಠ 2022ರ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು: ಹೇಮಂತ್ ಗುಪ್ತಾ ಮೇಲ್ಮನವಿ ವಜಾ ಮಾಡಿದರು, ಸುಧಾಂಶು ಧುಲಿಯಾ ಪುರಸ್ಕರಿಸಿದರು. ಹೀಗಾದಾಗ ವಿಷಯ ದೊಡ್ಡ ಪೀಠಕ್ಕೆ ಹೋಗುತ್ತದೆ, ಅಲ್ಲಿಯವರೆಗೆ ಕೆಳಗಿನ ತೀರ್ಪು ನಿಂತಿರುತ್ತದೆ.

ಗಂಟು ಇರುವುದು ‘ಅತ್ಯಗತ್ಯ ಧಾರ್ಮಿಕ ಆಚರಣೆ’ ಎಂಬ ಪರೀಕ್ಷೆಯಲ್ಲಿ. ಅದರ ಬೇರು ನಮ್ಮ ಉಡುಪಿಯ ಶಿರೂರು ಮಠದ 1954ರ ಪ್ರಕರಣದಲ್ಲಿದೆ. ಯಾವುದು ಅತ್ಯಗತ್ಯವೆಂದು ಆ ಧರ್ಮದ ನಂಬಿಕೆಗಳಿಂದಲೇ ತಿಳಿಯಬೇಕು ಎಂದು ಆಗ ಹೇಳಿತ್ತು; ಮುಂದೆ ಕೋರ್ಟ್‌ಗಳೇ ಗ್ರಂಥ ಬಿಚ್ಚಿ ತೂಗಲು ಶುರುಮಾಡಿದವು. ಧುಲಿಯಾ ಅವರು ಆ ಪರೀಕ್ಷೆಯೇ ಇಲ್ಲಿ ಬೇಡ, ಇದು ಹುಡುಗಿಯ ಆಯ್ಕೆಯ, 19ನೇ ವಿಧಿಯ ಪ್ರಶ್ನೆ ಎಂದು ಬದಿಗಿಟ್ಟರು. ವಾದ ಮಾಡುವವರು ಯಾವ ವಿಧಿಯ ಮೇಲೆ ನಿಂತಿದ್ದೇವೆ ಎಂದು ಮೊದಲೇ ನಿಶ್ಚಯಿಸಿಕೊಳ್ಳದೆ 19, 21, 25 ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ, ಕೋರ್ಟ್ ಎಲ್ಲಕ್ಕಿಂತ ಸಡಿಲವಾದುದನ್ನೇ ಹೊರಗೆಳೆಯುತ್ತದೆ.

ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುತ್ತಾ?

ಈಗಿನ ಸ್ಥಿತಿಯಲ್ಲಿ ಕಷ್ಟ. ತಿಂಗಳಿಗೆ 30,000 ರೂಪಾಯಿಯೊಳಗಿನ ಖಾಸಗಿ ಕೆಲಸಗಳಲ್ಲಿ ಶೇ 75ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್ 17ರಂದು ರದ್ದುಮಾಡಿತು. ಕರ್ನಾಟಕದ ಇಂಥದೇ ಮಸೂದೆ 2024ರ ಜುಲೈನಲ್ಲಿ ಸಂಪುಟ ದಾಟಿ, ಗದ್ದಲವೆದ್ದು ಅಲ್ಲೇ ನಿಂತಿತು. ಎಲ್ಲಿ ಬೇಕಾದರೂ ನೆಲೆಸುವ, ದುಡಿಯುವ 19ನೇ ವಿಧಿಯ ಹಕ್ಕು ಅಡ್ಡ ಬರುತ್ತದೆ. ಸರ್ಕಾರಿ ಕೆಲಸದಲ್ಲೂ ವಾಸಸ್ಥಳದ ಷರತ್ತು ಹಾಕುವ ಅಧಿಕಾರ 16(3)ರಂತೆ ಸಂಸತ್ತಿಗೆ ಮಾತ್ರ. ಭಾಷೆಯ ಅರಿವನ್ನು ಕೆಲಸದ ಅರ್ಹತೆಯಾಗಿ ಕೇಳುವುದು ಬೇರೆ. ಕನ್ನಡದ ಕಾಳಜಿಗೆ ಆ ದಾರಿ ಹೆಚ್ಚು ಗಟ್ಟಿ.

ಯುಎಪಿಎ, ಪಿಎಂಎಲ್‌ಎ ಕೇಸಿನಲ್ಲಿ ಜಾಮೀನು ಸಿಗೋದೇ ಇಲ್ವಾ?

ಪಿಎಂಎಲ್‌ಎ ಅಂದರೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. ಎರಡರಲ್ಲೂ ಕಾನೂನು ಬಿಗಿಯಾಗಿದೆ, ಆದರೆ 21ನೇ ವಿಧಿ ಅದಕ್ಕಿಂತ ಮೇಲಿನದು. ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿದ್ದರೆ ಜಾಮೀನು ಕೊಡಬಹುದೆಂದು 2021ರಲ್ಲಿ ನಜೀಬ್ ಪ್ರಕರಣ, 17 ತಿಂಗಳ ಸೆರೆಯ ನಂತರ 2024ರ ಆಗಸ್ಟ್‌ನಲ್ಲಿ ಮನೀಶ್ ಸಿಸೋಡಿಯಾ ಪ್ರಕರಣ ಹೇಳಿವೆ. ಇದು ತಾನಾಗಿ ಸಿಗುವಂಥದ್ದಲ್ಲ, ಪೀಠದಿಂದ ಪೀಠಕ್ಕೆ ಬಿಗಿ ಬದಲಾಗುತ್ತದೆ.

ಹೆಚ್ಚು ಖಾತ್ರಿಯ ದಾರಿ ದಿನದ ಲೆಕ್ಕ. ದೋಷಾರೋಪ ಪಟ್ಟಿ 60 ಅಥವಾ 90 ದಿನದಲ್ಲಿ, ಯುಎಪಿಎಯಲ್ಲಿ ವಿಸ್ತರಣೆ ಸಿಕ್ಕರೆ 180 ದಿನದಲ್ಲಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗುತ್ತದೆ. ರಿಮಾಂಡ್ ಆದ ದಿನವೂ ಎಣಿಕೆಗೆ ಸೇರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. 60ರ ಲೆಕ್ಕವಾದರೆ 61ನೇ ದಿನ ಬೆಳಿಗ್ಗೆ ಅರ್ಜಿ ಕೈಯಲ್ಲಿ ಹಿಡಿದು ಕೋರ್ಟಿನ ಮುಂದಿರಬೇಕು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಪಟ್ಟಿ ಸಲ್ಲಿಸಿದರೆ, ಅದಕ್ಕೂ ಮುಂಚೆ ಅರ್ಜಿ ಹಾಕದವರ ಹಕ್ಕು ಅಲ್ಲಿಗೆ ಮುಗಿಯಿತು.

## ಕೋರ್ಟಿನ ದಾರಿ

ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದಲ್ವಾ?

ಹೋಗಬಹುದು, ಬಹುತೇಕ ‘ಹೈಕೋರ್ಟಿಗೆ ಹೋಗಿ’ ಎಂದು ವಾಪಸ್ ಕಳಿಸುತ್ತಾರೆ. 226ನೇ ವಿಧಿಯ ವ್ಯಾಪ್ತಿ ಇನ್ನೂ ಹಿರಿದು. ಮೂಲಭೂತವಲ್ಲದ ಹಕ್ಕಿಗೂ ಅದು ದಕ್ಕುತ್ತದೆ. ನಮ್ಮಲ್ಲಿ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿಯ ಪೀಠಗಳಿವೆ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ.

ಅಧಿಕಾರಿ ಕೆಲಸ ಮಾಡುತ್ತಿಲ್ಲ ಎಂಬ ದೂರಾದರೆ, ರಿಟ್‌ಗೆ ಮುನ್ನ ಬರಹದ ಮನವಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಕೇಳಿಯೇ ಇಲ್ಲದ್ದನ್ನು ಕೊಡಿಸಿ ಎಂದರೆ ಕೋರ್ಟ್ ಒಪ್ಪದು. ಮೇಲ್ಮನವಿಯ ದಾರಿ ಬಿಟ್ಟು ಬಂದಿರಿ ಎಂದು ಆಕ್ಷೇಪಿಸಿದರೆ 1998ರ ವರ್ಲ್‌ಪೂಲ್ ತೀರ್ಪು ನೆನಪಿರಲಿ: ಮೂಲಭೂತ ಹಕ್ಕಿನ ಉಲ್ಲಂಘನೆ, ಅಹವಾಲು ಕೇಳದೆ ಹೊರಡಿಸಿದ ಆದೇಶ, ಅಧಿಕಾರವೇ ಇಲ್ಲದ ಆದೇಶ, ಕಾನೂನನ್ನೇ ಪ್ರಶ್ನಿಸುವ ಅರ್ಜಿ, ಇವುಗಳಿಗೆ ಆ ಅಡ್ಡಿಯಿಲ್ಲ. ರಿಟ್‌ಗೆ ಇಷ್ಟೇ ದಿನ ಎಂಬ ಗಡುವಿಲ್ಲ, ಆದರೆ ತಡಕ್ಕೆ ಕಾರಣ ಹೇಳದಿದ್ದರೆ ಅದೊಂದೇ ಸಾಕು ವಜಾಕ್ಕೆ.

ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಹಕ್ಕು ಮುರಿದಿದ್ದಾರೆ ಅಂತ ಕೋರ್ಟ್ ಒಪ್ಪಿದರೆ ಪರಿಹಾರದ ಹಣ ಸಿಗುತ್ತಾ?

ಸಿಗುತ್ತದೆ, ಮೊತ್ತ ಸಣ್ಣದು. ಬಿಡುಗಡೆಯ ಆದೇಶವಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತ ರುದುಲ್ ಸಾಹ್ ಅವರಿಗೆ 1983ರಲ್ಲಿ ಕೊಡಿಸಿದ್ದು ಹಿಂದಿನ 5,000ವೂ ಸೇರಿ 35,000 ರೂಪಾಯಿ. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಬತಿ ಬೆಹೆರಾ ಅವರಿಗೆ 1993ರಲ್ಲಿ ಒಂದೂವರೆ ಲಕ್ಷ. ಇದು ಸಿವಿಲ್ ದಾವೆಯ ನಷ್ಟ ಪರಿಹಾರಕ್ಕಿಂತ ಬೇರೆ. ರಿಟ್‌ನಲ್ಲಿ ಪಡೆದಮೇಲೂ ಸಿವಿಲ್ ದಾವೆ ಹೂಡಬಹುದು. ಅರ್ಜಿಯ ಕೊನೆಯ ಕೋರಿಕೆಗಳಲ್ಲಿ ಪರಿಹಾರವನ್ನು ಬಿಡಿಯಾಗಿ, ಮೊತ್ತದ ಸಮೇತ ಬರೆಯಲು ಮರೆಯಬೇಡಿ. ಕೇಳದಿದ್ದರೆ ಆದೇಶದಲ್ಲಿ ಅದರ ಸುದ್ದಿಯೇ ಬರದೆ ಹೋಗಬಹುದು.